ಕಚ್ಚಿಕೊಂಡ ಬೋಲ್ಟ್: ಎಣ್ಣೆಯಾ, ಸುತ್ತಿಗೆಯಾ, ಬೆಂಕಿಯಾ, ಲೇತ್ ಅಂಗಡಿಯಾ?

ಮಳೆಗಾಲ ಮುಗಿದು ಆಯುಧ ಪೂಜೆ ಹತ್ತಿರ ಬಂತೆಂದರೆ ಕೊಟ್ಟಿಗೆಯಲ್ಲಿ, ಮನೆ ಹಿಂದಿನ ಮಾಡಿನಡಿ ನಿಂತಿದ್ದ ಹಳೇ ಬೈಕುಗಳೆಲ್ಲ ಅಂಗಳಕ್ಕೆ ಬರುತ್ತವೆ. ತೊಳೆಯಲು ಕೂತವರು ಹಾಗೇ ಚೈನನ್ನೂ ಸ್ವಲ್ಪ ಬಿಗಿ ಮಾಡೋಣ ಅಂತ ಪಾನಾ ಹಾಕುತ್ತಾರೆ. ಬೋಲ್ಟ್ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಆಮೇಲೆ ಎಲ್ಲರದ್ದೂ ಪ್ರಶ್ನೆ ಒಂದೇ. ಡಬ್ಲ್ಯೂಡಿ-40 ತಂದು ಹೊಡೆಯಲಾ, ಬಿಸಿ ಮಾಡಲಾ, ಇಂಪ್ಯಾಕ್ಟ್ ಡ್ರೈವರ್ ತಗೊಳ್ಳಲಾ, ಇಲ್ಲಾ ಸುಮ್ನೆ ಗ್ಯಾರೇಜಿಗೆ ಒಯ್ದು ಬಿಡಲಾ?

ಯಾರನ್ನು ಕೇಳಿದರೂ ಅವರ ಕೈಯಲ್ಲಿರುವ ಸಾಮಾನಿನ ಹೆಸರನ್ನೇ ಹೇಳುತ್ತಾರೆ. ವೆಲ್ಡಿಂಗ್‌ನವರಿಗೆ ಎಲ್ಲದಕ್ಕೂ ವೆಲ್ಡಿಂಗೇ ಮದ್ದು. ಮನೆಯಲ್ಲಿ ಸ್ಪ್ರೇ ಡಬ್ಬಿ ಇದ್ದವರಿಗೆ ಸ್ಪ್ರೇ. ನಾನು ಮೊದಲು ಕೇಳುವುದು ಬೇರೆ: ಆ ಬೋಲ್ಟ್ ತುಂಡಾದರೆ ನಿಮಗೆ ಎಷ್ಟು ನಷ್ಟ? ಹೊಸ ಬೋಲ್ಟಿನ ದುಡ್ಡಷ್ಟೇ ಅಂತಾದರೆ ಒಂದು ದಾರಿ. ಇಂಜಿನ್ ಹೆಡ್ ಕಳಚಿ ಪೇಟೆಗೆ ಒಯ್ಯಬೇಕು ಅಂತಾದರೆ ಪೂರ್ತಿ ಬೇರೆ ದಾರಿ.

ಪಾನಾ ಹಾಕುವ ಮೊದಲು ನೋಡಬೇಕಾದ್ದು

ಬೋಲ್ಟಿನ ಇನ್ನೊಂದು ತುದಿ ಎಲ್ಲಿದೆ ನೋಡಿ. ಆಚೆ ಬದಿಗೆ ಹಾಯ್ದು ನಟ್ ಹಾಕಿಸಿಕೊಂಡಿದೆಯಾ, ಅಥವಾ ಇಂಜಿನ್ನಿನ ಅಲ್ಯೂಮಿನಿಯಂ ಒಳಗೇ ಥ್ರೆಡ್ ಹಿಡಿದು ಕೂತಿದೆಯಾ? ಮಡ್‌ಗಾರ್ಡ್, ಚೈನ್ ಕವರ್, ಕ್ರ್ಯಾಶ್ ಗಾರ್ಡ್‌ಗಳಲ್ಲಿ ಹೆಚ್ಚಾಗಿ ಮೊದಲನೇ ಜಾತಿಯವು. ಅವು ಮುರಿದರೂ ತಲೆ ಕೆಡಿಸಿಕೊಳ್ಳಬೇಡಿ, ಹೊಸದು ಹಾಕಿದರಾಯಿತು. ಇಂಜಿನ್ ಕವರಿನ ಸ್ಕ್ರೂ, ಆಯಿಲ್ ಡ್ರೈನ್ ಬೋಲ್ಟ್, ಸೈಲೆನ್ಸರ್ ಕೂರುವ ಸ್ಟಡ್‌ಗಳು (ತಲೆಯಿಲ್ಲದ ಬೋಲ್ಟ್) ಎರಡನೇ ಜಾತಿ. ಇಲ್ಲಿ ಮುರಿದರೆ ಅರ್ಧ ಒಳಗೇ ಉಳಿಯುತ್ತದೆ, ನಿಜವಾದ ಖರ್ಚು ಅಲ್ಲಿಂದ ಶುರು.

ಆಮೇಲೆ ತಲೆ ನೋಡಿ. ಆರು ಮೂಲೆಗಳು ಚೂಪಾಗಿವೆಯಾ, ಸವೆದು ಉರುಟಾಗಿವೆಯಾ? ವೈರ್ ಬ್ರಷ್ಷಿನಿಂದ ತುಕ್ಕಿನ ಹೊಟ್ಟು ಉದುರಿಸಿ ನೋಡದೆ ಇದು ಗೊತ್ತಾಗುವುದಿಲ್ಲ. ಎಷ್ಟೋ ಸಲ ತಲೆ ದಪ್ಪ ಕಾಣುತ್ತದೆ, ಹೊಟ್ಟು ಉದುರಿದ ಮೇಲೆ 10 ಎಂಎಂ ಪಾನಾ ಅದರ ಮೇಲೆ ಕುಲುಕಾಡುತ್ತದೆ.

ಹಿಡಿದಿರುವುದು ಏನು ಅನ್ನುವುದೂ ಮುಖ್ಯ. ಕಬ್ಬಿಣ ತುಕ್ಕಾದಾಗ ಹಲವು ಪಟ್ಟು ಉಬ್ಬುತ್ತದೆ. ಥ್ರೆಡ್ಡಿನ ಸಂದಿಯಲ್ಲಿ ಉಬ್ಬಲು ಜಾಗವಿಲ್ಲ, ಹಾಗಾಗಿ ಬೆಣೆ ಹೊಡೆದ ಹಾಗೆ ಬಿಗಿಯುತ್ತದೆ. ಇದು ಕೆಂಪು ತುಕ್ಕಿನ ಕಥೆ. ಬೋಲ್ಟಿನ ಸುತ್ತ ಬಿಳಿ ಪುಡಿ ಕಂಡರೆ ಕಥೆ ಬೇರೆ. ಉಕ್ಕಿನ ಬೋಲ್ಟ್, ಅಲ್ಯೂಮಿನಿಯಂ ಕವರ್, ನಡುವೆ ಉಪ್ಪು ನೀರು ಸೇರಿದರೆ ಬ್ಯಾಟರಿಯಲ್ಲಿ ನಡೆಯುವಂಥದ್ದೇ ಕೆಲಸ ಅಲ್ಲೂ ನಡೆದು ಅಲ್ಯೂಮಿನಿಯಂ ಕರಗಿ ಆ ಪುಡಿ ಆಗುತ್ತದೆ. ಕಾರವಾರದಿಂದ ಭಟ್ಕಳದವರೆಗೆ ಹೈವೇ 66ರ ಪಕ್ಕದ ಊರುಗಳ ಬೈಕುಗಳಲ್ಲಿ ಇದು ಜಾಸ್ತಿ. ಶಿರಸಿ, ಸಿದ್ದಾಪುರದ ಕಡೆ ಮಳೆ ಮತ್ತು ಕೆಸರಿನ ಕೆಂಪು ತುಕ್ಕೇ ಹೆಚ್ಚು, ಅದು ಎಣ್ಣೆಗೆ ಸ್ವಲ್ಪ ಬೇಗ ಬಗ್ಗುತ್ತದೆ. ಘಟ್ಟದ ಕೆಳಗೆ ಫಲಿಸಿದ ಉಪಾಯ ಮೇಲೆ ಫಲಿಸಲಿಲ್ಲ, ಮೇಲಿನದ್ದು ಕೆಳಗೆ ಫಲಿಸಲಿಲ್ಲ ಅಂತ ಜನ ವಾದ ಮಾಡುವುದು ಇದಕ್ಕೇ. ಎಲ್ಲಕ್ಕಿಂತ ಕಷ್ಟದ ಕೇಸು ಮೀನಿನ ಬಾಕ್ಸ್ ಕಟ್ಟುವ ಬೈಕು. ಐಸ್ ಕರಗಿದ ಉಪ್ಪು ನೀರು ದಿನವೂ ಹಿಂದಿನ ಚಕ್ರ ಹಿಡಿಯುವ ಸ್ವಿಂಗ್ ಆರ್ಮ್, ಹಿಂದಿನ ಆಕ್ಸಲ್, ಸೈಲೆನ್ಸರ್ ಮೇಲೆ ತೊಟ್ಟಿಕ್ಕುತ್ತಿರುತ್ತದೆ.

ಕೊನೆಯದಾಗಿ, ಪಕ್ಕದಲ್ಲಿ ಪೆಟ್ರೋಲ್, ರಬ್ಬರ್, ಆಯಿಲ್ ಸೀಲ್, ಬ್ರೇಕ್ ಪೈಪ್ ಏನಾದರೂ ಇದೆಯಾ, ಮತ್ತು ನಿಮಗೆ ಟೈಮ್ ಎಷ್ಟಿದೆ. ದುಡ್ಡಿನ ಲೆಕ್ಕ ಇವೆಲ್ಲದರ ನಂತರ.

ಎಣ್ಣೆ ಹಾಕಿ ಕಾಯುವುದು

ಅತಿ ಅಗ್ಗದ, ಅತಿ ಸುರಕ್ಷಿತ ದಾರಿ. ಇದಕ್ಕೆ ಬೇಕಾದ್ದು ತಾಳ್ಮೆ, ಜನರ ಹತ್ತಿರ ಇಲ್ಲದ್ದೂ ಅದೇ. ಸ್ಪ್ರೇ ಹೊಡೆದು ಐದು ನಿಮಿಷಕ್ಕೆ ಪಾನಾ ಹಾಕಿ, ಆಗಲಿಲ್ಲ ಮಾರಾಯ್ರೆ ಅನ್ನುತ್ತಾರೆ. ಸಂಜೆ ಹಾಕಿ, ಬೋಲ್ಟಿನ ತಲೆಗೆ ಸಣ್ಣ ಸುತ್ತಿಗೆಯಿಂದ ನಾಲ್ಕು ಪೆಟ್ಟು ಕುಟ್ಟಿ, ಬೆಳಿಗ್ಗೆ ಮತ್ತೆ ಹಾಕಿ, ಮತ್ತೆ ಕುಟ್ಟಿ. ಎರಡು ಮೂರು ದಿನ ಹೀಗೆ ಮಾಡಿದರೆ ಕೆಂಪು ತುಕ್ಕು ಹಿಡಿದ ಬೋಲ್ಟುಗಳಲ್ಲಿ ಬಹಳಷ್ಟು ಬಗ್ಗುತ್ತವೆ. ಕುಟ್ಟುವುದನ್ನು ಬಿಡಬೇಡಿ. ಆ ಅದುರಿಗೆ ತುಕ್ಕು ಬಿರುಕು ಬಿಟ್ಟರೇನೇ ಎಣ್ಣೆಗೆ ಒಳಗೆ ಹೋಗಲು ದಾರಿ.

ಯಾವ ಎಣ್ಣೆ? ಡಬ್ಲ್ಯೂಡಿ-40 ಹುಟ್ಟಿದ್ದೇ ನೀರನ್ನು ಹೊರಹಾಕುವ ದ್ರವವಾಗಿ, ಅದರ ಹೆಸರಿನಲ್ಲೇ ಆ ಅರ್ಥ ಇದೆ (ಡಬ್ಲ್ಯೂಡಿ ಅಂದರೆ ವಾಟರ್ ಡಿಸ್‌ಪ್ಲೇಸ್‌ಮೆಂಟ್). ಹಗುರವಾಗಿ ಹಿಡಿದದ್ದಕ್ಕೆ ಸಾಕು, ಗಟ್ಟಿ ತುಕ್ಕಿಗೆ ಸಾಲದು. ತುಕ್ಕು ಬಿಡಿಸಲೆಂದೇ ಮಾಡಿದ ಪೆನೆಟ್ರೇಟಿಂಗ್ ಸ್ಪ್ರೇ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕಿದರೆ ಅದನ್ನೇ ತಗೊಳ್ಳಿ, ಬೆಲೆಯಲ್ಲಿ ಅಂಥ ವ್ಯತ್ಯಾಸ ಇಲ್ಲ. ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸಿಗೆ ಹಾಕುವ ಎಟಿಎಫ್ ಆಯಿಲ್ ಮತ್ತು ಅಸಿಟೋನ್ ಸಮ ಸಮ ಬೆರೆಸಿದ್ದು ಚೆನ್ನಾಗಿ ಇಳಿಯುತ್ತದೆ. ಆದರೆ ಅವೆರಡೂ ಬೇಗ ಬೇರೆಯಾಗುತ್ತವೆ, ಪ್ರತಿ ಸಲ ಕುಲುಕಿಯೇ ಹಾಕಬೇಕು. ಅಸಿಟೋನ್ ಬಣ್ಣವನ್ನೂ ತಿನ್ನುತ್ತದೆ, ಬೆಂಕಿಯನ್ನೂ ಹಿಡಿಯುತ್ತದೆ, ಟ್ಯಾಂಕಿನ ಪೇಂಟ್ ಹತ್ತಿರ ಒಯ್ಯಬೇಡಿ. ಸೀಮೆಎಣ್ಣೆ ಒಳ್ಳೆಯದೇ, ಈಗ ಸಿಗುವುದೇ ಕಷ್ಟ. ಡೀಸೆಲ್ ಆಗುತ್ತದೆ, ನಿಧಾನ ಅಷ್ಟೇ. ತೆಂಗಿನ ಎಣ್ಣೆ ಬೇಡ. ಅದು ದಪ್ಪ, ಸಂದಿಗೆ ಇಳಿಯುವುದಿಲ್ಲ, ಮೇಲಾಗಿ ಶಿರಸಿಯ ಡಿಸೆಂಬರ್ ಚಳಿಗೆ ಅಲ್ಲೇ ಹೆಪ್ಪುಗಟ್ಟಿ ಕೂರುತ್ತದೆ. ಹುಣಸೆಹುಳಿ, ಮುರುಗಲು ರಸದ ಉಪಾಯ ಹೇಳುವವರೂ ಇದ್ದಾರೆ. ಬಿಚ್ಚಿ ತೆಗೆದ ಬೋಲ್ಟನ್ನು ಅದರಲ್ಲಿ ನೆನೆಸಿ ತೊಳೆಯಲು ಅಡ್ಡಿಯಿಲ್ಲ, ಬಿಚ್ಚಲು ಅದು ಪ್ರಯೋಜನಕ್ಕೆ ಬರುವುದಿಲ್ಲ.

ಬಿಳಿ ಪುಡಿಯ ಕೇಸಿನಲ್ಲಿ ಎಣ್ಣೆಯೊಂದನ್ನೇ ನಂಬಬೇಡಿ. ಹಾಗೆಯೇ ಡಿಸ್ಕ್ ಬ್ರೇಕಿನ ಪ್ಲೇಟ್ ಹಿಡಿಯುವ ಬೋಲ್ಟುಗಳಿಗೆ ಸಾಮಾನ್ಯವಾಗಿ ಥ್ರೆಡ್ ಅಂಟು ಹಾಕಿರುತ್ತಾರೆ. ಅಲ್ಲಿ ತುಕ್ಕೇ ಇಲ್ಲ, ಎಣ್ಣೆ ಸುರಿದು ಪ್ರಯೋಜನವೂ ಇಲ್ಲ. ಡಿಸ್ಕಿಗೆ ಎಣ್ಣೆ ತಾಗಿ ಬ್ರೇಕ್ ಹಿಡಿಯದೇ ಹೋಗುವ ಅಪಾಯ ಬೇರೆ.

ಪಾನಾ ಮತ್ತು ಉದ್ದದ ಹಿಡಿಕೆ

ಹೆಚ್ಚಿನ ಬೋಲ್ಟುಗಳನ್ನು ಹಾಳು ಮಾಡುವುದು ತುಕ್ಕಲ್ಲ, ತಪ್ಪು ಪಾನಾ. ಫಿಕ್ಸ್ ಪಾನಾ ಎರಡೇ ಬದಿ ಹಿಡಿಯುತ್ತದೆ. ಸ್ಕ್ರೂ ಪಾನಾವನ್ನಂತೂ ಈ ಕೆಲಸಕ್ಕೆ ಹೊರಗೇ ತೆಗೆಯಬೇಡಿ. ರಿಂಗ್ ಪಾನಾ ಪರವಾಗಿಲ್ಲ. ಆದರೆ ಸಾಮಾನ್ಯ ರಿಂಗ್ ಪಾನಾದ ಒಳಗೆ ಹನ್ನೆರಡು ಮೂಲೆ ಇರುತ್ತದೆ, ತಲೆ ಸ್ವಲ್ಪ ಸವೆದಿದ್ದರೂ ಜಾರುತ್ತದೆ. ಆರು ಮೂಲೆಯ ಸಾಕೆಟ್ ತಗೊಳ್ಳಿ. 8, 10, 12, 14, 17 ಎಂಎಂ ಇದ್ದರೆ ನಮ್ಮ ಸ್ಪ್ಲೆಂಡರ್, ಆರ್‌ಎಕ್ಸ್ 100ಗಳ ಬಹುಪಾಲು ಕೆಲಸ ಮುಗಿಯುತ್ತದೆ. ನನ್ನ ಕೇಳಿದರೆ ದುಡ್ಡು ಹಾಕಬೇಕಾದ ಮೊದಲ ಜಾಗ ಇದೇ, ಸ್ಪ್ರೇಗಿಂತಲೂ ಮೊದಲು. ಹಳೇ ಬುಲೆಟ್ ಇರುವವರು ಹುಷಾರು. ಅದರಲ್ಲಿ ಬ್ರಿಟಿಷ್ ಅಳತೆಯ ಬೋಲ್ಟುಗಳು ಇವೆ, ಮಿಲಿಮೀಟರ್ ಪಾನಾ ಕೂತ ಹಾಗೆ ಕಂಡರೂ ಸರಿಯಾಗಿ ಕೂತಿರುವುದಿಲ್ಲ. ಯೆಜ್ಡಿಯ ಸೈಲೆನ್ಸರ್ ಹಿಡಿಯುವ ದೊಡ್ಡ ರಿಂಗ್ ನಟ್ಟಿಗೆ ಕೊಕ್ಕೆಯಂಥ ಪಾನಾನೇ ಬೇಕು. ಉಳಿ ಇಟ್ಟು ಹೊಡೆದು ಅದರ ಹಲ್ಲು ಹಾರಿಸಿದ ಬೈಕುಗಳು ಊರಿಗೆರಡು ಸಿಗುತ್ತವೆ.

ಪಾನಾ ಕೂತ ಮೇಲೆ ಮೊದಲು ಒಂದು ಕೂದಲೆಳೆಯಷ್ಟು ಬಿಗಿ ಮಾಡುವ ಕಡೆಗೇ ತಿರುಗಿಸಿ ನೋಡಿ, ಆಮೇಲೆ ಬಿಚ್ಚುವ ಕಡೆಗೆ. ತುಕ್ಕಿನ ಹಿಡಿತ ಯಾವ ಕಡೆಗೆ ಅಲ್ಲಾಡಿದರೂ ಮುರಿಯುತ್ತದೆ. ಎಲ್ಲ ಥ್ರೆಡ್ಡೂ ಎಡಕ್ಕೆ ಬಿಚ್ಚುವುದಿಲ್ಲ ಅನ್ನುವುದೂ ನೆನಪಿರಲಿ. ಯಮಹಾದ ಹಲವು ಬೈಕುಗಳಲ್ಲಿ ಬಲಗಡೆಯ ಕನ್ನಡಿಗೆ ಉಲ್ಟಾ ಥ್ರೆಡ್. ಬಿಚ್ಚುತ್ತಿದ್ದೇನೆ ಅಂದುಕೊಂಡು ಬಿಗಿ ಮಾಡುತ್ತಾ ಕೂರುತ್ತಾರೆ.

ಪಾನಾದ ಹಿಂದೆ ಪೈಪ್ ತೂರಿಸುವ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ. 10 ಎಂಎಂ ಪಾನಾ ಕೂರುವ ಬೋಲ್ಟಿನ ಕಾಂಡ ಸಾಮಾನ್ಯವಾಗಿ 6 ಎಂಎಂ ದಪ್ಪ. ಅದನ್ನು ಬಿಗಿ ಮಾಡುವುದೇ ಸುಮಾರು 10 ನ್ಯೂಟನ್ ಮೀಟರ್‌ಗೆ, ಅಂದರೆ ಒಂದಡಿ ಹಿಡಿಕೆಯ ತುದಿಗೆ ಮೂರು-ನಾಲ್ಕು ಕೆಜಿ ತೂಕ ನೇತು ಹಾಕಿದಷ್ಟು. ಅದರ ಎರಡು ಪಟ್ಟಿಗೆ ಅದು ತುಂಡು. ಎರಡಡಿ ಪೈಪ್ ಹಾಕಿ ಒಂದು ಕೈಯಲ್ಲಿ ಎಳೆದರೂ ಸಾಕು. ಹಾಗಾಗಿ ಪೈಪ್ ಇರುವುದು ಹಿಂದಿನ ಆಕ್ಸಲ್ ನಟ್, ಸ್ವಿಂಗ್ ಆರ್ಮ್ ಬೋಲ್ಟಿನಂಥ ದಪ್ಪದವಕ್ಕೆ ಮಾತ್ರ. ಸಣ್ಣದಕ್ಕೆ ಕೈಯ ಅಂದಾಜೇ ಗತಿ. ಬಿಡುವ ಬೋಲ್ಟ್ "ಟಕ್" ಅಥವಾ "ಕಿರ್" ಅಂತ ಸದ್ದು ಮಾಡಿ ಒಮ್ಮೆಲೇ ಹಗುರಾಗುತ್ತದೆ. ಸದ್ದೇ ಇಲ್ಲದೆ ರಬ್ಬರಿನ ಹಾಗೆ ಮೆತ್ತಗೆ ತಿರುಗಿತೋ, ಅದು ಬಿಡುತ್ತಿಲ್ಲ, ಕಾಂಡ ತಿರುಚಿಕೊಳ್ಳುತ್ತಿದೆ. ಅಲ್ಲೇ ನಿಲ್ಲಿಸಿ.

ಇಂಪ್ಯಾಕ್ಟ್ ಡ್ರೈವರ್

ಸುತ್ತಿಗೆಯಿಂದ ಹಿಂಬದಿಗೆ ಹೊಡೆದರೆ ತುದಿಯಲ್ಲಿ ಸಿಕ್ಕಿಸಿದ ಬಿಟ್ಟನ್ನು ಒಳಗೆ ಒತ್ತುತ್ತಲೇ ತಿರುಗಿಸುವ ಕೈ ಸಾಮಾನು. ಸೆಟ್ಟಿಗೆ ಸುಮಾರು 500ರಿಂದ 1000 ರೂಪಾಯಿ. ಸ್ಟಾರ್ ತಲೆಯ (ಪ್ಲಸ್ ಗುರುತಿನ) ಸ್ಕ್ರೂ ಇರುವ ಬೈಕ್ ನಿಮ್ಮದಾದರೆ ಯೋಚಿಸಬೇಡಿ, ತಗೊಳ್ಳಿ. ಆರ್‌ಎಕ್ಸ್ 100ರ ಇಂಜಿನ್ ಕವರ್ ಬಿಚ್ಚುವುದಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಪೆಟ್ಟು ತುಕ್ಕನ್ನೂ ಒಡೆಯುತ್ತದೆ, ಬಿಟ್ ಮೇಲೆದ್ದು ಜಾರದ ಹಾಗೂ ನೋಡಿಕೊಳ್ಳುತ್ತದೆ. ಜಪಾನಿ ವಿನ್ಯಾಸದ ಬೈಕುಗಳ ಸ್ಟಾರ್ ಸ್ಕ್ರೂಗಳು ಮಾಮೂಲಿ ಫಿಲಿಪ್ಸ್ ಅಲ್ಲ, ಜೆಐಎಸ್ ಅನ್ನುವ ಜಪಾನಿನ ಅಳತೆ. ಫಿಲಿಪ್ಸ್ ಬಿಟ್ಟಿನ ಮೊನೆ ತಳಕ್ಕೆ ಮೊದಲೇ ತಾಗಿ ಪಕ್ಕದ ಹಿಡಿತ ಸಿಗುವುದಿಲ್ಲ, ತಲೆ ಹರಿಯುತ್ತದೆ. ಜೆಐಎಸ್ ಬಿಟ್ ಆನ್‌ಲೈನಿನಲ್ಲಿ ತರಿಸಿಟ್ಟುಕೊಳ್ಳಿ.

ತೊಂದರೆ ಏನೆಂದರೆ ಹೊಡೆಯುವುದು ಹೊಡೆಯುವುದೇ. ತೆಳು ಅಲ್ಯೂಮಿನಿಯಂ ಕವರಿನ ಅಂಚಿಗೆ, ಕಾರ್ಬ್ಯುರೇಟರಿಗೆ, ಹೆಡ್‌ಲೈಟ್ ಹತ್ತಿರ ಇದು ಬೇಡ. ಹೊಡೆಯುವ ಮೊದಲು ಅದು ಬಿಚ್ಚುವ ದಿಕ್ಕಿಗೇ ಇದೆಯಾ ಅಂತ ಎರಡು ಸಲ ನೋಡಿ. ಗ್ಯಾರೇಜಿನಲ್ಲಿ ಗಾಳಿಯದ್ದೋ ಬ್ಯಾಟರಿಯದ್ದೋ ಗನ್ ಇಟ್ಟಿರುತ್ತಾರಲ್ಲ, ಅದು ಆಕ್ಸಲ್ ನಟ್ಟಿಗೆ ಭರ್ಜರಿ, 6 ಎಂಎಂ ಬೋಲ್ಟಿಗೆ ಯಮ.

ಬೆಂಕಿ

ಕರಾವಳಿಯ ಬಿಳಿ ಪುಡಿಗೆ, ಥ್ರೆಡ್ ಅಂಟಿಗೆ ನಿಜವಾದ ಮದ್ದು ಇದು. ಒಂದೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹಾಗಾಗಿ ಅಲ್ಯೂಮಿನಿಯಂ ಒಳಗೆ ಕೂತ ಬೋಲ್ಟಾದರೆ ಬೋಲ್ಟಿಗಲ್ಲ, ಸುತ್ತಲಿನ ಭಾಗಕ್ಕೆ ಬಿಸಿ ಕೊಡಿ. ಉಕ್ಕಿನ ನಟ್ಟಾದರೆ ನಟ್ಟಿಗೆ ಕೊಡಿ, ಕಾಂಡ ತಣ್ಣಗಿರಲಿ. ಅಲ್ಯೂಮಿನಿಯಂ ಮೋಸದ ಲೋಹ. ಉಕ್ಕಿನ ಹಾಗೆ ಕೆಂಪಾಗಿ ಸೂಚನೆ ಕೊಡುವುದಿಲ್ಲ, ಕರಗುವ ಬಿಸಿಗೆ ಬಂದು ಒಮ್ಮೆಲೇ ಕುಸಿಯುತ್ತದೆ. ಅಷ್ಟು ಬಿಸಿ ಬೇಡವೇ ಬೇಡ. ನೀರಿನ ಹನಿ ಚಿಮುಕಿಸಿದರೆ ಚುರ್ ಅಂದು ಹಾರುವಷ್ಟಾದರೆ ಪಾನಾ ಹಾಕಿ ನೋಡಬಹುದು.

ಮನೆಯಲ್ಲಿ ಮಾಡುವವರಿಗೆ ಹಾಟ್ ಏರ್ ಗನ್ ಅಥವಾ ಸಣ್ಣ ಬ್ಯೂಟೇನ್ ಟಾರ್ಚ್ ಸಾಕು. ಗ್ಯಾಸ್ ವೆಲ್ಡಿಂಗ್ ಜ್ವಾಲೆ ಅನುಭವ ಇದ್ದವರ ಕೈಯಲ್ಲೇ ಇರಲಿ. ಬಿಸಿ ಇರುವಾಗಲೇ ಥ್ರೆಡ್ಡಿನ ಬಾಯಿಗೆ ಮೇಣದ ಬತ್ತಿ ತಾಗಿಸಿದರೆ ಮೇಣ ಕರಗಿ ಒಳಗೆ ಎಳೆದುಕೊಳ್ಳುತ್ತದೆ. ಶಿರಸಿ ಕಡೆ ಜೇನು ಸಾಕುವ ಮನೆಗಳಲ್ಲಿ ಜೇನುಮೇಣ ಇದ್ದೇ ಇರುತ್ತದಲ್ವಾ, ಅದೂ ಆಗುತ್ತದೆ. ಮೊದಲು ಸ್ಪ್ರೇ ಹೊಡೆದಿದ್ದರೆ ಒರೆಸಿ ಪೂರ್ತಿ ಆರಿದ ಮೇಲೇ ಬೆಂಕಿ. ಟ್ಯಾಂಕ್ ಕಳಚಿ ದೂರ ಇಡಿ, ಕಾರ್ಬ್ಯುರೇಟರ್ ಖಾಲಿ ಮಾಡಿ. ಬಿಳಿ ಲೇಪದ ಬೋಲ್ಟುಗಳಲ್ಲಿ ಸತು ಇರುತ್ತದೆ, ಅದರ ಹೊಗೆ ಕೆಟ್ಟದ್ದು, ಬಯಲಲ್ಲೇ ಮಾಡಿ. ಬ್ರೇಕ್ ಪೈಪ್, ಬೇರಿಂಗ್, ಆಯಿಲ್ ಸೀಲ್ ಪಕ್ಕದಲ್ಲಿದ್ದರೆ ಬೆಂಕಿಯ ಆಸೆ ಬಿಡಿ.

ಕತ್ತರಿಸುವುದು

ಜನ ಇದನ್ನು ಸೋಲು ಅಂದುಕೊಳ್ಳುತ್ತಾರೆ. ಮಡ್‌ಗಾರ್ಡಿನ ತುಕ್ಕು ಬೋಲ್ಟಿನ ಜೊತೆ ಅರ್ಧ ದಿನ ಗುದ್ದಾಡುವುದಕ್ಕಿಂತ ಹೆಕ್ಸಾ ಬ್ಲೇಡಿನಿಂದ ಹತ್ತು ನಿಮಿಷದಲ್ಲಿ ಕೊಯ್ದು ಹೊಸದು ಹಾಕುವುದೇ ಜಾಣತನ. ನಟ್ ಒಡೆಯುವ ಸ್ಪ್ಲಿಟ್ಟರ್ ಸಿಕ್ಕಿದರೆ ಇನ್ನೂ ಚೆಂದ, ಬೋಲ್ಟ್ ಉಳಿಯುತ್ತದೆ. ಗ್ರೈಂಡರ್ ಹಿಡಿದರೆ ಕಿಡಿ ಟ್ಯಾಂಕಿನ ಕಡೆ ಹಾರದ ಹಾಗೆ ನೋಡಿ, ಕಣ್ಣಿಗೆ ಕನ್ನಡಕ ಹಾಕಿ. ನೆನಪಿಡಿ, ಇದು ಆಚೆ ನಟ್ ಇರುವ ಬೋಲ್ಟಿಗೆ ಮಾತ್ರ.

ವೆಲ್ಡಿಂಗ್, ಲೇತ್

ತಲೆ ಪೂರ್ತಿ ಹೋಗಿದ್ದರೆ, ಅಥವಾ ಕಾಂಡ ತುಂಡಾಗಿ ಸ್ವಲ್ಪ ಮೇಲೆ ಉಳಿದಿದ್ದರೆ, ಅದರ ಮೇಲೆ ಹೊಸ ನಟ್ ಇಟ್ಟು ಒಳಗಿನಿಂದ ವೆಲ್ಡ್ ಮಾಡಿಸುವುದು ಬಹಳ ಒಳ್ಳೆಯ ಉಪಾಯ. ಹಿಡಿಯಲು ತಲೆ ಸಿಕ್ಕಿತು, ಜೊತೆಗೆ ವೆಲ್ಡಿಂಗಿನ ಬಿಸಿಯೂ ಥ್ರೆಡ್ಡಿಗೆ ತಾಗಿತು. ಬೈಕಿನ ಮೇಲೇ ಮಾಡಿಸುವುದಾದರೆ ಬ್ಯಾಟರಿ ವೈರ್ ಮತ್ತು ಸಿಡಿಐ (ಪ್ಲಗ್ಗಿಗೆ ಕಿಡಿ ಕೊಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಕನೆಕ್ಟರ್ ಬಿಚ್ಚಿಸಿ. ಕಾರವಾರದ ಬೈತಖೋಲ, ಕುಮಟಾ ಬಳಿಯ ತದಡಿ, ಹೊನ್ನಾವರದ ಕಾಸರಕೋಡು ಮುಂತಾದ ಬಂದರುಗಳ ಸುತ್ತ ಬೋಟಿನ ಇಂಜಿನ್ ರಿಪೇರಿ ಮಾಡುವವರನ್ನು ಕೇಳಿ ನೋಡಿ. ಉಪ್ಪು ತಿಂದ ಬೋಲ್ಟ್ ಬಿಚ್ಚುವುದು ಅವರ ದಿನದ ಕೆಲಸ, ಎಷ್ಟೋ ಬೈಕ್ ಗ್ಯಾರೇಜುಗಳಿಗಿಂತ ಇದರಲ್ಲಿ ಅವರ ಕೈ ಪಳಗಿದೆ.

ಒಳಗೇ ತುಂಡಾಗಿದ್ದರೆ ಡ್ರಿಲ್ ಹಾಕಬೇಕು. ಉಲ್ಟಾ ತಿರುಗುವ ಎಡಗೈ ಡ್ರಿಲ್ ಬಿಟ್ ಇದ್ದರೆ ಕೊರೆಯುವಾಗಲೇ ಎಷ್ಟೋ ಸಲ ತುಂಡು ಹೊರಗೆ ಬಂದುಬಿಡುತ್ತದೆ. ಕೊರೆದ ತೂತಿಗೆ ಕಚ್ಚಿಸಿ ತುಂಡನ್ನು ತಿರುಗಿಸಿ ತೆಗೆಯಲು ಈಸಿ ಔಟ್ ಅಂತ ಮಾರುವ ಸಾಮಾನಿನ ಬಗ್ಗೆ ನನಗೆ ಅಷ್ಟೊಂದು ಪ್ರೀತಿ ಇಲ್ಲ. ಅದು ಗಡುಸು ಉಕ್ಕು, ಸಣ್ಣ ಸೈಜಿನದ್ದು ಬೇಗ ಮುರಿಯುತ್ತದೆ, ಒಳಗೆ ಮುರಿದರೆ ಮಾಮೂಲಿ ಡ್ರಿಲ್ ಅದನ್ನು ಕೊರೆಯುವುದೂ ಇಲ್ಲ. 6 ಎಂಎಂ ಬೋಲ್ಟಿಗೆ ಅದನ್ನು ಮುಟ್ಟದೇ ಲೇತ್ ಅಂಗಡಿಗೆ ಹೋಗಿ. ಥ್ರೆಡ್ ಹೋದರೂ ಹೆಲಿಕಾಯಿಲ್ (ಹೊಸ ಥ್ರೆಡ್ ಆಗುವ ಉಕ್ಕಿನ ಸುರುಳಿ) ಹಾಕಿಸಿಕೊಳ್ಳಬಹುದು, ಸರಿಯಾಗಿ ಕೂರಿಸಿದರೆ ಅಲ್ಯೂಮಿನಿಯಂನ ಮೂಲ ಥ್ರೆಡ್ಡಿಗಿಂತ ಗಟ್ಟಿ.

ಹಾಗಾದರೆ ಯಾರಿಗೆ ಯಾವುದು

ಅಜ್ಜನ ಕಾಲದ ಯೆಜ್ಡಿಯನ್ನು ನಿಧಾನವಾಗಿ ಎಬ್ಬಿಸುವವರಿಗೆ ಟೈಮೇ ಬಂಡವಾಳ. ಎಣ್ಣೆ, ಕುಟ್ಟುವುದು, ವಾರ ಕಾಯುವುದು, ಆಮೇಲೆ ಹಗುರ ಬಿಸಿ. ಮೈಸೂರಿನ ಆ ಕಾರ್ಖಾನೆ 1996ರಲ್ಲೇ ನಿಂತಿತು. ಮೂಲ ಬೋಲ್ಟ್ ಒಂದೊಂದೂ ಬೆಲೆಬಾಳುತ್ತದೆ, ಕತ್ತರಿಸಲು ಹೋಗಬೇಡಿ.

ಬೆಳಿಗ್ಗೆ ಐದಕ್ಕೆ ಬಂದರಿಗೆ ಹೋಗಲೇಬೇಕಾದ ಮೀನಿನ ಬೈಕಿನವರಿಗೆ ನಾಳೆ ಬನ್ನಿ ಅನ್ನುವ ಉಪಾಯ ಕೆಲಸಕ್ಕೆ ಬಾರದು. ನಟ್ ಹಾಕಿದ ಬೋಲ್ಟಾದರೆ ಕತ್ತರಿಸಿ. ಇಂಜಿನ್ನಿನದ್ದಾದರೆ ಮನೆಯಲ್ಲಿ ಪ್ರಯೋಗ ಮಾಡದೆ ನೇರ ವೆಲ್ಡಿಂಗ್ ಗೊತ್ತಿರುವ ಗ್ಯಾರೇಜಿಗೆ ಒಯ್ಯಿರಿ. ಮನೆಯಲ್ಲಿ ತುಂಡು ಮಾಡಿಕೊಂಡು ಹೋದರೆ ಕೂಲಿ ಎರಡು ಪಟ್ಟು, ಒಂದು ದಿನದ ವ್ಯಾಪಾರವೂ ಹೋಯಿತು.

ದಿನಾ ಓಡಿಸುವ ಸ್ಪ್ಲೆಂಡರಿನಲ್ಲಿ ಜನರನ್ನು ಹೆಚ್ಚು ಕಾಡುವುದು ಸೈಲೆನ್ಸರ್ ಬಾಯಿಯ ಎರಡು ನಟ್ಟುಗಳು. ಸ್ಟಡ್ 6 ಎಂಎಂ, ಕೂತಿರುವುದು ಅಲ್ಯೂಮಿನಿಯಂ ಹೆಡ್ಡಿನಲ್ಲಿ. ಇಲ್ಲಿ ನನ್ನ ಮತ ಇಷ್ಟು: ಎರಡು ದಿನ ಎಣ್ಣೆ, ಆರು ಮೂಲೆಯ ಸಾಕೆಟ್, ಆಗಲಿಲ್ಲವೋ ನಟ್ಟಿಗೆ ಮಾತ್ರ ಬಿಸಿ. ಅಷ್ಟಕ್ಕೂ ಬಿಡದಿದ್ದರೆ ನಟ್ಟನ್ನು ಒಡೆದು ತೆಗೆಯಿರಿ, ಸ್ಟಡ್ ಉಳಿಸಿ. 500 ರೂಪಾಯಿಗಿಂತ ಜಾಸ್ತಿ ಖರ್ಚು ಮಾಡುವ ಮನಸ್ಸಿಲ್ಲದವರು ಸಾಕೆಟ್ ನಾಲ್ಕೈದು, ಒಂದು ಸಣ್ಣ ಸ್ಪ್ರೇ, ಒಂದು ವೈರ್ ಬ್ರಷ್ ತಗೊಂಡು ನಿಲ್ಲಿಸಿ. ಇನ್ನೊಂದು 1000 ಹಾಕುವವರು ಇಂಪ್ಯಾಕ್ಟ್ ಡ್ರೈವರ್ ಸೇರಿಸಿ. ಟಾರ್ಚ್ ಕೊನೆಗೆ.

ಬಿಚ್ಚಿದ ಮೇಲೆ ವಾಪಸ್ ಹಾಕುವಾಗ ಸೈಲೆನ್ಸರ್ ಸ್ಟಡ್ಡಿಗೆ ಹಿತ್ತಾಳೆ ನಟ್ ಹಾಕಿಸಿ, ಅದು ತುಕ್ಕು ಹಿಡಿದು ಕಚ್ಚುವುದಿಲ್ಲ. ಉಳಿದವಕ್ಕೆ ತಾಮ್ರದ ಗ್ರೀಸ್ ಒಂದು ತೆಳು ಪದರ, ಬ್ರೇಕ್ ಡಿಸ್ಕ್ ಮತ್ತು ಪ್ಯಾಡಿಗೆ ಮಾತ್ರ ತಾಗಬಾರದು. ಗ್ರೀಸ್ ಹಾಕಿದ ಬೋಲ್ಟ್ ಅದೇ ಬಲಕ್ಕೆ ಜಾಸ್ತಿ ಬಿಗಿಯುತ್ತದೆ, ಕೈ ಸ್ವಲ್ಪ ಹಿಂದೆ ಇರಲಿ. ತುಕ್ಕೇ ಬೇಡ ಅಂತ ಇಂಜಿನ್ ಕವರಿಗೆ ಸ್ಟೇನ್‌ಲೆಸ್ ಬೋಲ್ಟ್ ಹಾಕಿಸುವ ಷೋಕಿ ಈಗ ಜಾಸ್ತಿಯಾಗಿದೆ. ಶಿರಸಿಯಲ್ಲಿ ಹೇಗೋ ನಡೆಯುತ್ತದೆ. ಕಡಲ ಬದಿಯಲ್ಲಿ ಗ್ರೀಸ್ ಇಲ್ಲದೆ ಹಾಕಿದರೆ ಬೋಲ್ಟ್ ಹೊಳೆಯುತ್ತಲೇ ಇರುತ್ತದೆ, ಅದರ ಸುತ್ತಲಿನ ಅಲ್ಯೂಮಿನಿಯಂ ಪುಡಿಯಾಗುತ್ತದೆ.